ಡೆವನ್ ಅರ್ಲ್ ಪದವಿಯ ಸನ್ನದು

ಆಂಗ್ಲ ಕುಲೀನರ ವಂಶಾವಳಿಗಳಲ್ಲಿ ಅಭಿರುಚಿಯುಳ್ಳವರಿಗೆ ಡೆವನ್ ಪ್ರಾಂತದ ಅರ್ಲ್ ಪದವಿಯಷ್ಟು ರಸವತ್ತಾದ ವಿಷಯ ಮತ್ತೊಂದಿಲ್ಲವೆಂದೇ ನನ್ನ ಮತ. ಹನ್ನೆರಡನೆಯ ಶತಮಾನದ ಅಂತಃಕಲಹದಲ್ಲಿ ಮಟಿಲ್ಡಾಳ ಪಕ್ಷವನ್ನು ಹಿಡಿದ ಬಾಲ್ಡ್ವಿನ್ ಡಿ ರೆಡ್ವರ್ಸ್ ಸಂಪಾದಿಸಿದ ಈ ಪದವಿಯು, ಆ ಕುಲದ ಕಡೆಯ ಒಡತಿ ಇಸಬೆಲಾ 1293ರಲ್ಲಿ ಗತಿಸಿದ ತರುವಾಯ, 1335ರಲ್ಲಿ ಆಕೆಯ ಬಂಧುವಾದ ಹ್ಯೂ ಕೋರ್ಟ್ನಿಗೆ ಸಂದಿತು. ಇಸಬೆಲಾ ಎಕ್ಸ್ ನದಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಲ್ಲಿ ಉಳಿದಿದ್ದ ದಾರಿಯನ್ನೂ ಕೋರ್ಟ್ನಿಗಳು ಮುಚ್ಚಿಸಿ, ಹಡಗುಗಳು ಎಕ್ಸೆಟರ್ ನಗರವನ್ನು ಮುಟ್ಟದೆ ತಮ್ಮ ಟಾಪ್‌ಶಮ್ ರೇವಿನಲ್ಲಿಯೇ ಸರಕಿಳಿಸಿ ಸುಂಕ ತೆರುವಂತೆ ಮಾಡಿದರು. ನಗರದವರು ಒಡ್ಡನ್ನು ಬಳಸಿ ಕಾಲುವೆ ತೋಡಿಸಿಕೊಂಡದ್ದು 1560ರ ದಶಕದಲ್ಲಿ, ಆ ಮನೆತನದ ಹಿರಿಯ ಶಾಖೆ ಅಳಿದ ಮೇಲೆ.

ಅಳಿವಿನ ಕಥೆ ದಾರುಣವಾದದ್ದು. ಗುಲಾಬಿಗಳ ಯುದ್ಧದಲ್ಲಿ ಒಬ್ಬ ಅರ್ಲ್ 1461ರಲ್ಲಿ ಶಿರಶ್ಛೇದಕ್ಕೆ ಗುರಿಯಾದನು, ಇನ್ನೊಬ್ಬನು 1471ರಲ್ಲಿ ಟ್ಯೂಕ್ಸ್‌ಬರಿಯ ರಣರಂಗದಲ್ಲಿ ಮಡಿದನು. ಎಂಟನೆಯ ಹೆನ್ರಿ 1538ರಲ್ಲಿ ಹೆನ್ರಿ ಕೋರ್ಟ್ನಿಯನ್ನು ಸೆರೆಹಿಡಿಸಿ ಕೊಲ್ಲಿಸಿದ್ದಲ್ಲದೆ, ಇನ್ನೂ ಬಾಲಕನಾಗಿದ್ದ ಅವನ ಮಗ ಎಡ್ವರ್ಡನನ್ನು ಲಂಡನ್ ಟವರಿಗೆ ತಳ್ಳಿದನು; ಆ ನಿರಪರಾಧಿ ಹೊರಬೆಳಕನ್ನು ಕಂಡದ್ದು ರಾಣಿ ಮೇರಿ ಪಟ್ಟವೇರಿದ 1553ರಲ್ಲಿ. ರಾಣಿ ಅವನಿಗೆ ಅರ್ಲ್ ಪದವಿಯ ಹೊಸ ಸನ್ನದನ್ನು ಕೊಟ್ಟಳು. ಇಂತಹ ಸನ್ನದುಗಳಲ್ಲಿ ಪದವಿಯು ಪಡೆದವನ ಔರಸ ಪುರುಷ ಸಂತತಿಗೆ ಸಲ್ಲತಕ್ಕದ್ದೆಂದು ಬರೆಯುವುದು ವಾಡಿಕೆ; ಇದರಲ್ಲಾದರೋ ಪುರುಷ ವಾರಸುದಾರರಿಗೆ ಎಂದಷ್ಟೇ ಇದ್ದು, ಔರಸರೆಂಬ ನಿರ್ಬಂಧವೇ ಇರಲಿಲ್ಲ.

ಎಡ್ವರ್ಡನು 1556ರಲ್ಲಿ ಪಾಡುವಾ ನಗರದಲ್ಲಿ ಅವಿವಾಹಿತನಾಗಿಯೇ ತೀರಿಕೊಂಡನು. ಪದವಿ ಮುಗಿಯಿತೆಂದು ಎಲ್ಲರೂ ಬಗೆದರು. 1618ರಲ್ಲಿ ಡೆವನ್‌ಶೈರ್ ಅರ್ಲ್ ಎಂಬ ಬೇರೊಂದು ಪದವಿಯೇ ಕ್ಯಾವೆಂಡಿಷ್ ಮನೆತನಕ್ಕೆ ದೊರೆಯಿತು. ಆದರೆ 1377ರಲ್ಲಿ ತೀರಿಕೊಂಡ ಎರಡನೆಯ ಅರ್ಲ್ ಹ್ಯೂವಿನ ಕಿರಿಯ ಮಗನ ಪೀಳಿಗೆ ಪೌಡರ್‌ಹ್ಯಾಮ್ ಕೋಟೆಯಲ್ಲಿ ಬಾಳುತ್ತಲೇ ಇದ್ದಿತು. ದೂರದ ದಾಯಾದಿಗಳೂ ವಾರಸುದಾರರೇ ಎಂಬ ಅವರ ವಾದವನ್ನು ಲಾರ್ಡ್ಸ್ ಸಭೆ 1831ರಲ್ಲಿ ಎತ್ತಿಹಿಡಿದು, 275 ವರ್ಷಗಳಿಂದ ಸುಪ್ತವಾಗಿದ್ದ ಪದವಿಯನ್ನು ಜೀವಂತವೆಂದು ಸಾರಿತು. ಸನ್ನದಿನ ಅಕ್ಷರವನ್ನು ಇಷ್ಟು ನಿಷ್ಠೆಯಿಂದ ಗೌರವಿಸಿದ ಆ ತೀರ್ಪು ನನಗೆ ಸರ್ವಥಾ ನ್ಯಾಯವಾಗಿ ಕಾಣುತ್ತದೆ.

ಇತಿಹಾಸಕಾರ ಗಿಬ್ಬನ್ ತನ್ನ ರೋಮನ್ ಸಾಮ್ರಾಜ್ಯದ ಗ್ರಂಥದ 61ನೆಯ ಅಧ್ಯಾಯದ ಕೊನೆಯಲ್ಲಿ, ಪ್ರಕೃತ ವಿಷಯವನ್ನು ಬದಿಗಿಟ್ಟು, ಕೋರ್ಟ್ನಿ ಮನೆತನದ ಚರಿತ್ರೆಯನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಆ ಭಾಗ ಅಚ್ಚಾದದ್ದು 1788ರಲ್ಲಿ, ಪದವಿಯಿನ್ನೂ ಸುಪ್ತವಾಗಿದ್ದಾಗ. ಆಸಕ್ತರು ಆ ಪುಟಗಳನ್ನು ಅವಶ್ಯವಾಗಿ ಓದಬೇಕು.