ಸ್ಪೈಡರ್‌ಲ್ಯಾಂಡ್ ಮತ್ತು ಲಾಫಿಂಗ್ ಸ್ಟಾಕ್: ೧೯೯೧ರ ಎರಡು ಧ್ವನಿಮುದ್ರಿಕೆಗಳ ಪುನರ್ವಿಮರ್ಶೆ

೧

ಒಂದು ಕೃತಿಯು ಏಕಕಾಲದಲ್ಲಿ ಉಪೇಕ್ಷಿತವೂ ಪ್ರಭಾವಶಾಲಿಯೂ ಆಗಿರಬಲ್ಲುದೆ? ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವಾದ ಗುಣಗಳು. ಯಾರೂ ಕೇಳದ ಕೃತಿಯು ಯಾರ ಮೇಲೆ ಪ್ರಭಾವ ಬೀರೀತು? ಪ್ರಭಾವ ಬೀರಿದ್ದೇ ನಿಜವಾದರೆ ಅದನ್ನು ಉಪೇಕ್ಷಿತವೆಂದು ಹೇಗೆ ಕರೆಯೋಣ? ಸಾಹಿತ್ಯಚರಿತ್ರೆಯಲ್ಲಿ ಆಗಾಗ ತಲೆಯೆತ್ತುವ ಈ ಪ್ರಶ್ನೆಯು, ಕಳೆದ ಶತಮಾನದ ಕೊನೆಯ ದಶಕದ ರಾಕ್ ಸಂಗೀತವನ್ನು ಕುರಿತ ಬರಹಗಳಲ್ಲಿಯೂ ಎದುರಾಗುತ್ತದೆ. ಮರೆತುಹೋದ ಮೇರುಕೃತಿ ಎಂಬ ಮಾತು ಅಲ್ಲಿ ಬಹು ಧಾರಾಳವಾಗಿ ಬಳಕೆಯಾಗಿ, ಅದರ ಅರ್ಥವೇ ಸವೆದುಹೋಗಿದೆ. ಪ್ರಸ್ತುತ ಲೇಖನದಲ್ಲಿ ೧೯೯೧ರಲ್ಲಿ ಹೊರಬಂದ ಎರಡು ಧ್ವನಿಮುದ್ರಿಕೆಗಳನ್ನು ಎದುರಿಗಿಟ್ಟುಕೊಂಡು, ಈ ವಿರೋಧವು ನಿಜವಾದುದೋ ತೋರಿಕೆಯದೋ ಎಂಬುದನ್ನು ವಿಚಾರಮಾಡತಕ್ಕದ್ದಾಗಿದೆ.

ಆಲ್ಟರ್ನೇಟಿವ್ ರಾಕ್ ಎಂಬ ಹೆಸರಿಗೆ ಖಚಿತವಾದ ಲಕ್ಷಣವನ್ನು ಹೇಳುವುದು ಕಷ್ಟ. ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಹೊರಗೆ, ಸಣ್ಣ ಸ್ವತಂತ್ರ ಸಂಸ್ಥೆಗಳ ಆಶ್ರಯದಲ್ಲಿ, ಅಮೆರಿಕದ ಕಾಲೇಜು ರೇಡಿಯೋ ಕೇಂದ್ರಗಳ ಮೂಲಕ ೧೯೮೦ರ ದಶಕದಲ್ಲಿ ಬೆಳೆದ ಹಲವು ಬಗೆಯ ಗಿಟಾರ್ ಸಂಗೀತಕ್ಕೆ ಇದು ಒಟ್ಟು ಹೆಸರು. ೧೯೯೧ರ ಸೆಪ್ಟೆಂಬರ್ ೨೪ರಂದು ನಿರ್ವಾಣ ಎಂಬ ಮೇಳದ ನೆವರ್‌ಮೈಂಡ್ ಪ್ರಕಟವಾಯಿತು. ೧೯೯೨ರ ಜನವರಿಯಲ್ಲಿ ಅದು ಮೈಕೇಲ್ ಜಾಕ್ಸನ್ನರ ಡೇಂಜರಸ್ ಎಂಬುದನ್ನು ಹಿಂದೆ ಹಾಕಿ, ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅಂದಿನಿಂದ ಆ ದಶಕದ ಚರಿತ್ರೆಯನ್ನು ಬರೆಯುವವರೆಲ್ಲರೂ ಈ ಒಂದು ಘಟನೆಯನ್ನೇ ಎಲ್ಲೆಕಲ್ಲಾಗಿ ನೆಟ್ಟು, ಅದರ ಹಿಂದು ಮುಂದುಗಳೆಂದು ಕಾಲವನ್ನು ಹಂಚುತ್ತ ಬಂದಿರುವರು. ನೆವರ್‌ಮೈಂಡ್ ಉತ್ತಮ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಂಡವರ ಸಂಖ್ಯೆಯನ್ನು ಆಧಾರವಾಗಿ ಹಿಡಿದ ಚರಿತ್ರೆಯು ಕೊಳ್ಳುವವರ ಚರಿತ್ರೆಯಾದೀತೇ ಹೊರತು ಕಲೆಯ ಚರಿತ್ರೆಯಾಗಲಾರದು.

೨

ಮೊದಲನೆಯದು ಸ್ಲಿಂಟ್ ಮೇಳದ ಸ್ಪೈಡರ್‌ಲ್ಯಾಂಡ್. ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದ ನಾಲ್ವರು ತರುಣರು—ಬ್ರಯನ್ ಮೆಕ್‌ಮಹಾನ್, ಡೇವಿಡ್ ಪಾಹೋ, ಬ್ರಿಟ್ ವಾಲ್‌ಫೋರ್ಡ್, ಟಾಡ್ ಬ್ರಾಶಿಯರ್—೧೯೯೦ರ ಆಗಸ್ಟ್ ತಿಂಗಳಲ್ಲಿ ಷಿಕಾಗೋ ನಗರದಲ್ಲಿ, ಬ್ರಯನ್ ಪಾಲ್‌ಸನ್ನರ ಮೇಲ್ವಿಚಾರಣೆಯಲ್ಲಿ, ಕೆಲವೇ ದಿನಗಳಲ್ಲಿ ಇದನ್ನು ಮುದ್ರಿಸಿದರು. ಆಗ ಅವರೆಲ್ಲರೂ ಇಪ್ಪತ್ತರ ಆಸುಪಾಸಿನವರು. ೧೯೯೧ರ ಮಾರ್ಚಿಯಲ್ಲಿ ಟಚ್ ಅಂಡ್ ಗೋ ಎಂಬ ಸಣ್ಣ ಸಂಸ್ಥೆಯು ಇದನ್ನು ಪ್ರಕಟಿಸುವಷ್ಟರಲ್ಲಿ ಮೇಳವೇ ಒಡೆದುಹೋಗಿತ್ತು. ಹಾಡುಗಳು ಆರು, ಕಾಲ ಸುಮಾರು ೩೯ ನಿಮಿಷ.

ಇದರಲ್ಲಿ ಹಾಡು ಕಡಿಮೆ, ಮಾತು ಹೆಚ್ಚು. ಕಥನಕಾರನು ಪಕ್ಕದ ಕೋಣೆಯಲ್ಲಿ ಕುಳಿತು ತನಗೆ ತಾನೇ ಹೇಳಿಕೊಳ್ಳುವಂತೆ ತಗ್ಗಿದ ಸ್ವರದಲ್ಲಿ ಕಥೆ ಹೇಳುತ್ತಾನೆ. ಗಿಟಾರುಗಳು ಬಿಡಿಬಿಡಿಯಾದ ಸ್ವರಗಳನ್ನು ಹನಿಸುತ್ತವೆ. ರಾಕ್ ಸಂಗೀತಕ್ಕೆ ವಾಡಿಕೆಯಾದ ನಾಲ್ಕರ ಎಣಿಕೆಯು ಇಲ್ಲಿ ಪದೇಪದೇ ಮುರಿದು ಐದು ಮುಂತಾದ ವಿಷಮ ಎಣಿಕೆಗಳಿಗೆ ಎಡೆಕೊಡುತ್ತದೆ. ನಮ್ಮ ಖಂಡ, ಮಿಶ್ರ ಗತಿಗಳನ್ನು ಬಲ್ಲವರಿಗೆ ಈ ಲೆಕ್ಕವು ಹೊಸದಲ್ಲ. ಆದರೆ ನಮ್ಮಲ್ಲಿ ತಾಳದ ವೈಚಿತ್ರ್ಯವು ವಿದ್ವತ್ತಿನ ಲೀಲೆಯಾಗಿ ಮೆರೆಯುವುದುಂಟು, ಇಲ್ಲಿಯಾದರೋ ಅದು ಕಾಲು ನೆಲೆಗೊಳ್ಳದ ಮನಸ್ಸಿನ ಗುರುತು. ‘ಡಾನ್, ಅಮನ್’ ಎಂಬ ರಚನೆಯಲ್ಲಿ ಡ್ರಮ್ಮುಗಳೇ ಇಲ್ಲ. ಕೂಟವೊಂದರಲ್ಲಿ ಎಲ್ಲರ ನಡುವೆಯೂ ಒಂಟಿಯಾದ ಮನುಷ್ಯನೊಬ್ಬನ ಕಥೆಯನ್ನು ಎರಡು ಗಿಟಾರುಗಳು ಮಾತ್ರ ಹೊತ್ತು ನಡೆಯುತ್ತವೆ. ಅವನ ಕಳವಳವು ಏರಿದಂತೆ ಅವುಗಳ ವೇಗವೂ ಏರಿ, ಒಮ್ಮೆ ಕರ್ಕಶವಾಗಿ ಸಿಡಿದು, ಮತ್ತೆ ಇಳಿಯುತ್ತದೆ.

ಕೊನೆಯದಾದ ‘ಗುಡ್ ಮಾರ್ನಿಂಗ್, ಕ್ಯಾಪ್ಟನ್’ ಎಂಬುದು ಹಡಗೊಡೆದು ಉಳಿದ ನಾವಿಕನೊಬ್ಬನ ಕಥೆ; ಕೋಲ್‌ರಿಜ್ ಕವಿಯ ವೃದ್ಧ ನಾವಿಕನನ್ನು ನೆನಪಿಗೆ ತರುವಂಥದು. ಏಳು ನಿಮಿಷಗಳಿಗೂ ಮೀರಿದ ಈ ರಚನೆಯ ಬಹುಭಾಗದಲ್ಲಿ ಕಥನವು ಕಿವಿಗೊಟ್ಟರೂ ಕಷ್ಟದಿಂದ ಕೇಳುವಷ್ಟು ಮೆಲ್ಲನೆ ಸಾಗುತ್ತದೆ. ಕಟ್ಟಕಡೆಗೆ ಒಂದೇ ಸಾರಿ ಗಂಟಲು ಬಿರಿಯುವಂತೆ ಕೂಗು ಏಳುತ್ತದೆ. ಆ ಕೂಗಿನ ಬಲವು ಅದರ ಏರುಧ್ವನಿಯಿಂದ ಬಂದುದಲ್ಲ. ಅದುವರೆಗೆ ತಡೆಹಿಡಿದ ಮೌನದಿಂದ ಬಂದುದು. ಇಡೀ ಮುದ್ರಿಕೆಯೇ ಆ ಒಂದು ಗಳಿಗೆಗಾಗಿ ಉಸಿರು ಬಿಗಿಹಿಡಿದಂತೆ ತೋರುತ್ತದೆ.

ಮೇಳದ ಮೊದಲ ಮುದ್ರಿಕೆಯಾದ ಟ್ವೀಜ್ (೧೯೮೯) ಎಂಬುದನ್ನು ಧ್ವನಿಮುದ್ರಿಸಿದ್ದ ಸ್ಟೀವ್ ಆಲ್ಬಿನಿಯವರು ಲಂಡನ್ನಿನ ಮೆಲಡಿ ಮೇಕರ್ ಪತ್ರಿಕೆಯಲ್ಲಿ ಇದಕ್ಕೆ ಹತ್ತು ನಕ್ಷತ್ರಗಳನ್ನು ಕೊಟ್ಟು, ಹತ್ತು ವರ್ಷಗಳ ತರುವಾಯ ಇದೊಂದು ಹೆಗ್ಗುರುತಾದೀತೆಂದು ನುಡಿದರು. ಆದರೆ ಆ ಮಾತನ್ನು ಓದಿದವರು ಮೇಳವನ್ನು ನೋಡಬೇಕೆಂದರೆ ಮೇಳವಿರಲಿಲ್ಲ.

೩

ಎರಡನೆಯದು ಇಂಗ್ಲೆಂಡಿನ ಟಾಕ್ ಟಾಕ್ ಮೇಳದ ಲಾಫಿಂಗ್ ಸ್ಟಾಕ್. ಇದರ ಸ್ಥಿತಿಯು ಮೊದಲಿನದಕ್ಕೆ ತೀರ ವಿಪರೀತವಾದುದು. ಸ್ಲಿಂಟ್ ಯಾರಿಗೂ ತಿಳಿಯದ ಮೇಳ. ಟಾಕ್ ಟಾಕ್ ಆದರೋ ‘ಇಟ್ಸ್ ಮೈ ಲೈಫ್’ (೧೯೮೪) ಮುಂತಾದ ಹಾಡುಗಳಿಂದ ಯೂರೋಪಿನಾದ್ಯಂತ ಹೆಸರಾದುದು. ಜನಪ್ರಿಯತೆಯ ಆ ಹಾದಿಯನ್ನು ನಾಯಕರಾದ ಮಾರ್ಕ್ ಹಾಲಿಸರು ಬುದ್ಧಿಪೂರ್ವಕವಾಗಿ ಬಿಟ್ಟುಕೊಟ್ಟರು. ೧೯೮೬ರ ಅನಂತರ ಮೇಳವು ಸಭೆಯಲ್ಲಿ ನುಡಿಸಲಿಲ್ಲ. ೧೯೮೮ರ ಸ್ಪಿರಿಟ್ ಆಫ್ ಈಡನ್‌ದಲ್ಲಿ ಕಾಣಿಸಿಕೊಂಡ ಹೊಸ ರೀತಿಯು ೧೯೯೧ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಲಾಫಿಂಗ್ ಸ್ಟಾಕ್‌ನಲ್ಲಿ ಪರಿಪಾಕಕ್ಕೆ ಬಂದಿತು. ಇದರಲ್ಲಿಯೂ ರಚನೆಗಳು ಆರೇ.

ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ, ಮಂದವಾದ ಬೆಳಕಿನಲ್ಲಿ, ತಿಂಗಳುಗಟ್ಟಲೆ ಈ ಕೆಲಸವು ನಡೆಯಿತು. ಟಿಮ್ ಫ್ರೀಸ್-ಗ್ರೀನರು ನಿರ್ಮಾಪಕರು, ಫಿಲ್ ಬ್ರೌನರು ಧ್ವನಿಗ್ರಾಹಕರು. ಹಲವು ವಾದಕರನ್ನು ಕರೆಸಿ ಮನಬಂದಂತೆ ನುಡಿಸಗೊಟ್ಟು, ಅದರಲ್ಲಿ ಬಹುಪಾಲನ್ನು ಕಿತ್ತುಹಾಕಿ, ಉಳಿದ ತುಣುಕುಗಳನ್ನು ಜೋಡಿಸಿದರು. ರಚನೆಯೆಂದರೆ ಇಲ್ಲಿ ಸೇರಿಸುವುದಲ್ಲ, ಕಳೆಯುವುದು. ಮೊದಲ ರಚನೆಯಾದ ‘ಮರ್‌ಮನ್’ ಆರಂಭವಾಗುವುದು ಸ್ವರದಿಂದಲ್ಲ. ಧ್ವನಿವರ್ಧಕದ ಬರಿಯ ಸುಯ್ಯೆಂಬ ಸದ್ದಿನಿಂದ. ‘ಆಫ್ಟರ್ ದ ಫ್ಲಡ್’ ಎಂಬುದರ ನಡುವೆ, ಬೇರೆ ಮೇಳಗಳು ಬೆರಳ ಚಳಕವನ್ನು ತೋರಿಸುವ ಎಡೆಯಲ್ಲಿ, ಒಂದೇ ಸ್ವರವು ಒಂದು ನಿಮಿಷಕ್ಕೂ ಹೆಚ್ಚು ಕಾಲ ಕಂಪಿಸುತ್ತ ನಿಲ್ಲುತ್ತದೆ. ‘ಅಸೆನ್ಷನ್ ಡೇ’ ಎಂಬುದು ಕತ್ತರಿಯಿಂದ ಕತ್ತರಿಸಿದಂತೆ ನಡುವೆಯೇ ನಿಂತುಹೋಗುತ್ತದೆ.

ಇಂಗ್ಲೆಂಡಿನ ಪಟ್ಟಿಯಲ್ಲಿ ಇದು ೨೬ನೆಯ ಸ್ಥಾನದವರೆಗೆ ಹೋಯಿತು. ಆದಕಾರಣ ಇದನ್ನು ಯಾರೂ ಕೇಳಲಿಲ್ಲವೆಂಬ ಮಾತು ಸಲ್ಲದು. ಕೇಳಿದವರಲ್ಲಿ ಬಹುಮಂದಿ ಹಿಂದಿನ ಟಾಕ್ ಟಾಕನ್ನು ಅರಸಿ, ಅದು ಕಾಣದಿರಲು ದೂರವಾದರೆನ್ನಬೇಕು. ಸ್ಪೈಡರ್‌ಲ್ಯಾಂಡಿನದು ಅರಿಯದವರ ಉಪೇಕ್ಷೆ. ಲಾಫಿಂಗ್ ಸ್ಟಾಕಿನದು ಅರಿತವರ ಉಪೇಕ್ಷೆ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆದು ಕಣ್ಣೀರಿಡುವುದು ವಿಮರ್ಶೆಯ ಕೆಲಸವಲ್ಲ.

೪

ಹೀಗೆ ಹುಟ್ಟು, ವಯಸ್ಸು, ಕೀರ್ತಿ, ಕೆಲಸದ ರೀತಿ ಎಲ್ಲದರಲ್ಲಿಯೂ ಭಿನ್ನವಾದ ಈ ಎರಡಕ್ಕೂ ಎರಡು ವಿಷಯಗಳಲ್ಲಿ ಸಾಮ್ಯವುಂಟು. ಒಂದು, ಮೌನವನ್ನು ಬಿಡುವೆಂದು ಬಗೆಯದೆ ಸಾಮಗ್ರಿಯೆಂದು ಬಗೆದದ್ದು. ನಮ್ಮ ಆಲಂಕಾರಿಕರು ಹೇಳದೆ ಹೊಳೆಯಿಸುವ ಅರ್ಥಕ್ಕೆ ಧ್ವನಿಯೆಂದು ಹೆಸರಿಟ್ಟರು; ಆ ಧ್ವನಿಯು ಇಲ್ಲಿ ಸದ್ದಿಲ್ಲದ ಎಡೆಯಲ್ಲಿ ನೆಲೆಸಿದೆ. ಇನ್ನೊಂದು, ಪ್ರಕಟನೆಯ ತರುವಾಯ ಕೃತಿಯ ಬೆನ್ನಿಗೆ ಕರ್ತೃಗಳು ನಿಲ್ಲದೆ ಹೋದದ್ದು. ಸ್ಲಿಂಟ್ ಒಡೆದಿತ್ತು, ಟಾಕ್ ಟಾಕ್ ಊರೂರು ತಿರುಗದೆ, ಮತ್ತೊಂದು ಮುದ್ರಿಕೆಯನ್ನೂ ತರದೆ ಮುಗಿಯಿತು. ಹಾಲಿಸರು ೧೯೯೮ರಲ್ಲಿ ತಮ್ಮ ಹೆಸರಿನ ಒಂದು ಮುದ್ರಿಕೆಯನ್ನು ಹೊರತಂದು ಮರೆಗೆ ಸರಿದರು; ೨೦೧೯ರಲ್ಲಿ ತೀರಿಕೊಂಡರು.

ನಮ್ಮ ಮೊದಲ ಪ್ರಶ್ನೆಗೆ ಉತ್ತರವು ಈ ಎರಡನೆಯ ಸಾಮ್ಯದಲ್ಲಿದೆ. ರಾಕ್ ಸಂಗೀತವು ವೇದಿಕೆಯ ಮೇಲೆ ಹರಡತಕ್ಕದ್ದು. ವೇದಿಕೆಯಿಲ್ಲದ ಕಾರಣ ಇವು ಜನಸಾಮಾನ್ಯವನ್ನು ಮುಟ್ಟಲಿಲ್ಲ. ಅದೇ ಕಾರಣದಿಂದ, ಇವನ್ನು ಪಡೆದವರು ವ್ಯಾಖ್ಯಾನವಿಲ್ಲದ ಓಲೆಯ ಗ್ರಂಥವನ್ನು ಓದುವಂತೆ ಮತ್ತೆಮತ್ತೆ ಕೇಳಿ, ಒಂದೊಂದು ಸಂಧಿಯನ್ನೂ ಬಿಡಿಸಿ ನೋಡಬೇಕಾಯಿತು. ಹಾಗೆ ಬಿಡಿಸಿ ನೋಡುವವರು ಸಾಮಾನ್ಯವಾಗಿ ಸ್ವತಃ ನುಡಿಸುವವರೇ. ಉಪೇಕ್ಷೆಗೂ ಪ್ರಭಾವಕ್ಕೂ ಕಾರಣವು ಒಂದೇ ಆದುದರಿಂದ ಇಲ್ಲಿ ವಿರೋಧವಿಲ್ಲ. ಕೇಳುಗರ ಎಣಿಕೆಯಲ್ಲಿ ಸೋತದ್ದು ಕಲಾವಿದರ ಎಣಿಕೆಯಲ್ಲಿ ಗೆದ್ದಿತು.

೫

ಪ್ರಭಾವವೆಂಬುದನ್ನು ಬರಿಯ ಮಾತಿನಿಂದ ಸಾಧಿಸಲಾಗದು. ೧೯೯೪ರಲ್ಲಿ ಸೈಮನ್ ರೆನಾಲ್ಡ್ಸ್ ಎಂಬ ವಿಮರ್ಶಕರು ಬಾರ್ಕ್ ಸೈಕೋಸಿಸ್ ಮೇಳದ ಹೆಕ್ಸ್ ಎಂಬುದನ್ನು ಕುರಿತು ಬರೆಯುತ್ತ ಪೋಸ್ಟ್-ರಾಕ್ ಎಂಬ ಹೆಸರನ್ನು ಚಲಾವಣೆಗೆ ತಂದರು. ಆ ಮೇಳವು ಟಾಕ್ ಟಾಕಿನ ಜಾಡಿನಲ್ಲಿ ನಡೆದುದು. ಟಾಕ್ ಟಾಕಿನ ಡ್ರಮ್ ವಾದಕರಾದ ಲೀ ಹ್ಯಾರಿಸರೇ ಮುಂದೆ ಅದರ ೨೦೦೪ರ ಮುದ್ರಿಕೆಯಲ್ಲಿ ನುಡಿಸಿದರು. ಸ್ಲಿಂಟಿನ ಪಾಹೋ ಅವರು ಷಿಕಾಗೋದ ಟಾರ್ಟಾಯ್ಸ್ ಮೇಳವನ್ನು ಸೇರಿ ೧೯೯೬ರ ಮುದ್ರಿಕೆಯಲ್ಲಿ ಭಾಗವಹಿಸಿದರು. ಗ್ಲಾಸ್ಗೋ ನಗರದ ಮೊಗ್ವಾಯ್ ಮೇಳದವರು ಸ್ಲಿಂಟಿನ ಋಣವನ್ನು ತಾವೇ ಒಪ್ಪಿಕೊಂಡಿರುವರು. ಅವರ ೧೯೯೭ರ ಯಂಗ್ ಟೀಮ್ ಎಂಬುದರಲ್ಲಿನ ‘ಲೈಕ್ ಹೆರಡ್’ ಕೇಳಿದವರಿಗೆ ಈ ವಿಷಯದಲ್ಲಿ ಬೇರೆ ಸಾಕ್ಷಿಯು ಬೇಕಾಗದು.

ಆದರೆ ಅನುಯಾಯಿಗಳು ಪಡೆದದ್ದೇನು, ಬಿಟ್ಟದ್ದೇನು ಎಂಬುದನ್ನೂ ವಿಮರ್ಶಕನು ಹೇಳಬೇಕು. ಮೆಲ್ಲನೆ ಆರಂಭಿಸಿ ಗುಡುಗಿನಲ್ಲಿ ಮುಗಿಸುವ ಕ್ರಮವನ್ನು ಅವರು ಪಡೆದರು. ಆ ಗುಡುಗಿಗೆ ಕಾರಣವಾದ ಕಥೆಯನ್ನು ಅನೇಕರು ಬಿಟ್ಟರು. ಸ್ಪೈಡರ್‌ಲ್ಯಾಂಡಿನಲ್ಲಿ ಸದ್ದು ಏರುವುದು ಒಬ್ಬ ಮನುಷ್ಯನಿಗೆ ತಡೆಯಲಾರದೆ ಹೋದಾಗ. ಅನುಕರಣಗಳಲ್ಲಿ ಏರುವುದು ಏರುವ ಹೊತ್ತಾಯಿತೆಂದು. ಔಚಿತ್ಯವು ತಪ್ಪಿದಲ್ಲಿ ರೀತಿಯು ರೂಢಿಯಾಗುತ್ತದೆ.

ಮೂಲಗಳಾದರೂ ನಿರ್ದೋಷವೆನ್ನಲಾಗದು. ಸ್ಪೈಡರ್‌ಲ್ಯಾಂಡಿನ ‘ಫಾರ್ ಡಿನ್ನರ್’ ಎಂಬ ವಾದ್ಯರಚನೆಯು ಎರಡು ಎತ್ತರಗಳ ನಡುವಣ ವಿಶ್ರಾಂತಿಗೆ ಮೀರಿ ಹೆಚ್ಚೇನನ್ನೂ ಕೊಡುವುದಿಲ್ಲ. ಮೆಲುಮಾತು ಕೆಲವೆಡೆ ಅರ್ಥವನ್ನೇ ನುಂಗುತ್ತದೆ. ಲಾಫಿಂಗ್ ಸ್ಟಾಕಿನಲ್ಲಿ ಹಾಲಿಸರ ಉಚ್ಚಾರಣೆಯು ಅದಕ್ಕಿಂತಲೂ ಅಸ್ಪಷ್ಟವಾದುದು. ಉಪೇಕ್ಷಿತವಾದುದೆಲ್ಲವೂ ಉತ್ತಮವೆಂದು ಭ್ರಮಿಸುವುದು, ಮಾರಾಟವಾದುದೆಲ್ಲವೂ ಉತ್ತಮವೆಂದು ಭ್ರಮಿಸುವುದರ ಮಗ್ಗುಲ ತಪ್ಪು. ಇವು ನಿಂತಿರುವುದು ಮರೆವಿನ ಮೇಲಿನ ಮರುಕದಿಂದಲ್ಲ. ಕಿವಿಯ ಪರೀಕ್ಷೆಯಲ್ಲಿ ಗೆದ್ದುದರಿಂದ.

ಸ್ಲಿಂಟಿನವರು ೨೦೦೫ರಲ್ಲಿ ಮತ್ತೆ ಕಲೆತು ವೇದಿಕೆಯೇರಿದರು. ೨೦೧೪ರಲ್ಲಿ ಸ್ಪೈಡರ್‌ಲ್ಯಾಂಡ್ ಪರಿಷ್ಕೃತವಾಗಿ ಪುನಃ ಪ್ರಕಟವಾಯಿತು. ಈಗ ಎರಡೂ ಸುಲಭವಾಗಿ ದೊರೆಯುತ್ತವೆ. ಉಪೇಕ್ಷಿತವೆಂಬ ಬಿರುದನ್ನು ಇನ್ನು ಹಿಂದಕ್ಕೆ ಪಡೆಯಬಹುದು. ೧೯೯೧ರ ಚರಿತ್ರೆಯನ್ನು ಮುಂದೆ ಬರೆಯುವವರು ನೆವರ್‌ಮೈಂಡನ್ನು ಅದರ ಸ್ಥಾನದಿಂದ ಇಳಿಸಬೇಕಾದುದಿಲ್ಲ. ಆ ವರ್ಷದಲ್ಲಿ ಕೂಗು ಒಂದು ಕಡೆ ಗೆದ್ದಾಗ ಮೌನವು ಬೇರೆ ಎರಡು ಕಡೆ ಬಿತ್ತನೆಯ ಕೆಲಸವನ್ನು ನಡೆಸಿತ್ತೆಂಬುದನ್ನು ಅದರ ಪಕ್ಕದಲ್ಲಿ ಬರೆದರೆ ಸಾಕು.