ಕಸಬ್‌ನ ಬಿರಿಯಾನಿ, ಲೋಕಲ್ ರೈಲಿನ ತೀರ್ಪು

ಭಯೋತ್ಪಾದನೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ವಾದ ತಪ್ಪದೆ ಹಾಜರಾಗುತ್ತದೆ: ಹಿಡಿದವರನ್ನು ಒಳಗೆ ಹಾಕಿ, ವಕೀಲ, ಜಾಮೀನು, ಸಾಕ್ಷ್ಯ ಎಂದು ಕಾಲ ಕಳೆಯಬೇಡಿ. ಅದರ ಬೆನ್ನಿಗೇ ಮುಂಬೈ ದಾಳಿಕೋರ ಕಸಬ್‌ನ ಬಿರಿಯಾನಿ ಬರುತ್ತದೆ. ಆರ್ಥರ್ ರೋಡ್ ಜೈಲಿನಲ್ಲಿ ನಮ್ಮ ತೆರಿಗೆ ಹಣದಲ್ಲಿ ಆತ ಬಿರಿಯಾನಿ ತಿಂದ ಎನ್ನುವ ಕಥೆ. ಅದನ್ನು ಹಬ್ಬಿಸಿದ ಸರ್ಕಾರಿ ವಕೀಲ ಉಜ್ವಲ್ ನಿಕಮ್ ಅವರೇ 2015ರಲ್ಲಿ, ಆತ ಬಿರಿಯಾನಿ ಕೇಳಿರಲಿಲ್ಲ, ಯಾರೂ ಕೊಟ್ಟಿರಲೂ ಇಲ್ಲ, ಅದು ತಾನೇ ಕಟ್ಟಿದ ಮಾತು ಎಂದು ಒಪ್ಪಿಕೊಂಡರು. ನಿಕಮ್ ಈಗ ರಾಜ್ಯಸಭೆಯಲ್ಲಿದ್ದಾರೆ. ಬಿರಿಯಾನಿಯೂ ಇನ್ನೂ ಹಳಸಿಲ್ಲ.

ಆ ಕಥೆ ಮರೆಸಿದ್ದು ಏನನ್ನು ಎಂದು ನೋಡಬೇಕು. 2008ರ ನವೆಂಬರ್ 26ರ ದಾಳಿಯ ರಾತ್ರಿ ಗಿರ್‌ಗಾಂವ್ ಚೌಪಾಟಿಯ ಬಳಿ ಎಎಸ್‌ಐ ತುಕಾರಾಂ ಓಂಬ್ಳೆ ಗುಂಡೇಟು ತಿಂದೂ ಕಸಬ್‌ನ ಬಂದೂಕು ಬಿಡಲಿಲ್ಲ. ದಾಳಿಕೋರರಲ್ಲಿ ಜೀವಂತ ಸಿಕ್ಕ ಆ ಒಬ್ಬನಿಗೆ ಸರ್ಕಾರ ವಕೀಲರನ್ನು ಕೊಟ್ಟಿತು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಡ್ಡಿತು, ಎರಡು ಮೇಲ್ಮನವಿಗಳ ಅವಕಾಶ ಇಟ್ಟಿತು. ಇಷ್ಟೆಲ್ಲ ‘ಕಾಲಹರಣ’ ಆದ ಮೇಲೂ 2010ರ ಮೇ ತಿಂಗಳಲ್ಲಿ ವಿಶೇಷ ನ್ಯಾಯಾಧೀಶ ಎಂ.ಎಲ್. ತಹಲಿಯಾನಿ ಶಿಕ್ಷೆ ವಿಧಿಸಿದರು; 2012ರ ನವೆಂಬರ್ 21ರಂದು ಯೆರವಡಾ ಜೈಲಿನಲ್ಲಿ ಗಲ್ಲಾಯಿತು. ದಾಳಿಯಿಂದ ಗಲ್ಲಿನವರೆಗೆ ಪೂರ್ತಿ ನಾಲ್ಕು ವರ್ಷವೂ ಆಗಲಿಲ್ಲ. ಆತನ ತಪ್ಪೊಪ್ಪಿಗೆ ಸುಪ್ರೀಂ ಕೋರ್ಟಿನಲ್ಲೂ ನಿಂತಿತು, ಏಕೆಂದರೆ ಅದನ್ನು ಬರೆದುಕೊಂಡವರು ಪೊಲೀಸರಲ್ಲ, ಮ್ಯಾಜಿಸ್ಟ್ರೇಟರು.

ತಹಲಿಯಾನಿಯವರ ಅದೇ ತೀರ್ಪಿನಲ್ಲಿ ಇನ್ನೊಂದು ಸಂಗತಿಯಿದೆ, ಬಿರಿಯಾನಿಪ್ರಿಯರು ಅದನ್ನು ಎತ್ತುವುದಿಲ್ಲ. ಕಸಬ್‌ನ ಜೊತೆ ಇಬ್ಬರು ಭಾರತೀಯರೂ ಆರೋಪಿಗಳಾಗಿದ್ದರು. ದಾಳಿಗೆ ಬೇಕಾದ ನಕ್ಷೆ ಬರೆದುಕೊಟ್ಟವರು ಎಂದು ಅವರ ಮೇಲೆ ದೂರು. ಸತ್ತ ಭಯೋತ್ಪಾದಕ ಅಬು ಇಸ್ಮಾಯಿಲ್‌ನ ಪ್ಯಾಂಟಿನ ಜೇಬಿನಲ್ಲಿ ಆ ನಕ್ಷೆ ಸಿಕ್ಕಿತೆಂದರು ಪೊಲೀಸರು. ಪ್ಯಾಂಟು ರಕ್ತದಲ್ಲಿ ನೆನೆದಿತ್ತು. ನಕ್ಷೆಯ ಮೇಲೆ ಮಾತ್ರ ಕಲೆಯಿಲ್ಲ. ನ್ಯಾಯಾಧೀಶರು ನಂಬಲಿಲ್ಲ. ಒಂದೇ ಕೋರ್ಟು, ಒಂದೇ ವಿಚಾರಣೆ, ಒಬ್ಬನಿಗೆ ಗಲ್ಲು, ಇಬ್ಬರಿಗೆ ಬಿಡುಗಡೆ. ಸುಪ್ರೀಂ ಕೋರ್ಟ್ ಎರಡನ್ನೂ ಎತ್ತಿಹಿಡಿಯಿತು.

ಈಗ ಕಟ್ಟುನಿಟ್ಟಿನ ದಾರಿಯ ಫಲ ನೋಡೋಣ. 2006ರ ಜುಲೈ 11ರ ಸಂಜೆ, ಕಚೇರಿ ಬಿಡುವ ಹೊತ್ತು, ಪಶ್ಚಿಮ ರೈಲ್ವೆಯ ಲೋಕಲ್‌ಗಳ ಪ್ರಥಮ ದರ್ಜೆ ಬೋಗಿಗಳಲ್ಲಿ 7 ಬಾಂಬುಗಳು ಸ್ಫೋಟಿಸಿದವು. ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಬೊರಿವಲಿ, ಮೀರಾ ರೋಡ್: ಮುಂಬೈ ಕನ್ನಡಿಗರ ದಿನನಿತ್ಯದ ದಾರಿ ಅದು. 189 ಜನ ಸತ್ತರು, 800ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಭಯೋತ್ಪಾದನಾ ನಿಗ್ರಹ ದಳ 13 ಮಂದಿಯನ್ನು ಹಿಡಿದು ಮೋಕಾ ಕಾಯ್ದೆ ಹಾಕಿತು. 1999ರ ಈ ಮಹಾರಾಷ್ಟ್ರದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯಲ್ಲಿ ಜಾಮೀನು ಬಹುತೇಕ ಅಸಾಧ್ಯ, ಆರೋಪಪಟ್ಟಿಗೆ 180 ದಿನಗಳವರೆಗೆ ಸಮಯ, ಎಲ್ಲಕ್ಕಿಂತ ಮುಖ್ಯವಾಗಿ, ಎಸ್‌ಪಿ ಅಥವಾ ಅದಕ್ಕೆ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯೇ ಸಾಕ್ಷ್ಯ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನಂಬಬಾರದೆಂದು 1872ರ ಸಾಕ್ಷ್ಯ ಕಾಯ್ದೆಯಲ್ಲಿ ಬರೆದದ್ದು ಬ್ರಿಟಿಷರು. ತಮ್ಮ ಪೊಲೀಸರನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಹೀಗೆ ಎಲ್ಲ ಅಸ್ತ್ರಗಳೂ ಕೈಯಲ್ಲಿದ್ದು ಆದದ್ದೇನು? ಭಯೋತ್ಪಾದನೆಗೆ ಮೋಕಾ ಹಾಕಬಹುದೇ ಎಂಬ ತಕರಾರಿನಿಂದಲೇ 2008ರಿಂದ 2010ರವರೆಗೆ ವಿಚಾರಣೆಗೆ ಸುಪ್ರೀಂ ಕೋರ್ಟಿನ ತಡೆ ಬಿತ್ತು. ಅಂದರೆ ವಿಳಂಬ ತಂದದ್ದೂ ಕಠಿಣ ಕಾಯ್ದೆಯೇ. 2015ರಲ್ಲಿ ವಿಶೇಷ ನ್ಯಾಯಾಲಯ ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ ವಿಧಿಸಿತು, ಒಬ್ಬರನ್ನು ಬಿಟ್ಟಿತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಅನಿಲ್ ಕಿಲೋರ್ ಮತ್ತು ಶ್ಯಾಮ್ ಚಾಂಡಕ್ ಉಳಿದ ಹನ್ನೆರಡೂ ಮಂದಿಯ ಶಿಕ್ಷೆ ರದ್ದುಪಡಿಸಿದರು. ತಪ್ಪೊಪ್ಪಿಗೆಗಳಲ್ಲಿ ಒಂದರ ಭಾಗ ಇನ್ನೊಂದರಲ್ಲಿ ನಕಲಿನಂತಿತ್ತು. ಚಿತ್ರಹಿಂಸೆಯ ದೂರನ್ನು ತಳ್ಳಿಹಾಕಲಾಗದು ಎಂದಿತು ಪೀಠ. ಯಾವ ಬಗೆಯ ಬಾಂಬು ಬಳಸಿದರು ಎಂಬುದನ್ನೇ ಪ್ರಾಸಿಕ್ಯೂಷನ್ ತೋರಿಸಲಾಗಲಿಲ್ಲ. ಹನ್ನೆರಡರಲ್ಲಿ ಒಬ್ಬರು ಆ ದಿನಕ್ಕೆ ಉಳಿದಿರಲಿಲ್ಲ. 2021ರಲ್ಲೇ ಸೆರೆವಾಸದಲ್ಲಿ ಕೋವಿಡ್‌ಗೆ ಬಲಿಯಾಗಿದ್ದರು.

ಒಂದು ಮಾತನ್ನು ಮುಚ್ಚಿಡಬಾರದು. ಮೂರೇ ದಿನದಲ್ಲಿ, ಜುಲೈ 24ರಂದು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬೇರೆ ಮೊಕದ್ದಮೆಗಳಿಗೆ ಆಧಾರವಾಗಿ ಬಳಸದಂತೆ ತಡೆ ನೀಡಿತು. ಬಿಡುಗಡೆಯಾದವರು ಜೈಲಿಗೆ ಮರಳಬೇಕೆಂದು ಮಾತ್ರ ಹೇಳಲಿಲ್ಲ.

ಕಸಬ್‌ನ ಮೊಕದ್ದಮೆ ಸುಲಭದ್ದು, ಕೈಯಲ್ಲಿ ಬಂದೂಕಿದ್ದ ಫೋಟೊವೇ ಇತ್ತು, ಕುಕ್ಕರ್ ಬಾಂಬ್ ಇಟ್ಟು ಜನಸಂದಣಿಯಲ್ಲಿ ಕರಗಿದವರನ್ನು ಹಿಡಿಯುವುದು ಹಾಗಲ್ಲ ಎನ್ನುತ್ತಾರೆ. ನಿಜ. ಕಷ್ಟದ ಮೊಕದ್ದಮೆಯಲ್ಲೇ ಅಲ್ಲವೆ ತಪ್ಪು ವ್ಯಕ್ತಿಯನ್ನು ಹಿಡಿಯುವ ಸಂಭವ ಹೆಚ್ಚು? ಲಾಕಪ್ಪಿನಲ್ಲಿ ಒಪ್ಪಿಗೆ ಸಿಕ್ಕಿತೆಂದರೆ ಬೇರೆ ಸುಳಿವನ್ನು ಯಾವ ಅಧಿಕಾರಿ ಹುಡುಕುತ್ತಾನೆ? 2008ರಲ್ಲಿ ಮುಂಬೈ ಕ್ರೈಂ ಬ್ರಾಂಚ್ ಇಂಡಿಯನ್ ಮುಜಾಹಿದೀನ್‌ನವನೆಂದು ಹಿಡಿದ ಒಬ್ಬ ಆ ರೈಲು ಸ್ಫೋಟ ತಮ್ಮವರದೇ ಕೆಲಸ ಎಂದು ಒಪ್ಪಿಕೊಂಡ. ಮುಂದೆ ಅವನೂ ಮಾತು ತಿರುಗಿಸಿದ. ಒಂದೇ ಸ್ಫೋಟಕ್ಕೆ ಎರಡು ಗುಂಪಿನಿಂದ ಒಪ್ಪಿಗೆ, ಎರಡೂ ಪೊಲೀಸ್ ಕಸ್ಟಡಿಯಲ್ಲಿ! ಹುಸಿ ಪರಿಹಾರ ಜನರಿಗೆ ಸಮಾಧಾನ ಕೊಡುತ್ತದೆ, ನಿಜವಾದ ಅಪಾಯ ಹೊರಗೇ ಉಳಿಯುತ್ತದೆ ಎಂಬ ಅರ್ಥದ ಮಾತನ್ನು ಹೈಕೋರ್ಟೇ ಬರೆದಿದೆ.

ಇದನ್ನು ಮುಸ್ಲಿಮರ ಪರ ವಾದವೆಂದು ಬದಿಗೆ ಸರಿಸುವವರು ಮಾಲೇಗಾಂವ್ ನೆನೆಯಲಿ. ಅಲ್ಲಿನ 2006ರ ಸ್ಫೋಟಕ್ಕೆ ಹಿಡಿದ ಮುಸ್ಲಿಮರ ಮೇಲಿನ ಆರೋಪಗಳು 2016ರಲ್ಲಿ ಬಿದ್ದುಹೋದವು. 2008ರ ಸ್ಫೋಟದಲ್ಲಿ ಪ್ರಜ್ಞಾ ಸಿಂಗ್ ಠಾಕೂರ್ ಸೇರಿ ಏಳು ಮಂದಿಯನ್ನು 2025ರ ಜುಲೈ 31ರಂದು ಮುಂಬೈಯ ವಿಶೇಷ ನ್ಯಾಯಾಲಯ ಖುಲಾಸೆಗೊಳಿಸಿತು. ಠಾಕೂರ್ ಕೂಡ ದೂರಿದ್ದು ಕಸ್ಟಡಿ ಹಿಂಸೆಯನ್ನೇ. ಯಾರ ಪಕ್ಷ ವಹಿಸಿದರೂ ನಮಗೆ ಕೊನೆಗೆ ಸಿಕ್ಕಿದ್ದು ತಪ್ಪಿತಸ್ಥರಿಲ್ಲದ ಸ್ಫೋಟಗಳು.

ಕರ್ನಾಟಕದವರು ಇದನ್ನು ಮುಂಬೈಯ ಸುದ್ದಿ ಎಂದು ಓದಿ ಬಿಡುವಂತಿಲ್ಲ. ಮೋಕಾ ಮಾದರಿಯಲ್ಲೇ ಬಂದ ನಮ್ಮ 2000ದ ಕೋಕಾ ಕಾಯ್ದೆಯಲ್ಲೂ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಗೆ ಸಾಕ್ಷ್ಯದ ಮಾನ್ಯತೆಯಿದೆ. ವಿಧಾನಸಭೆ ಆ ಕಲಮನ್ನು ಕಿತ್ತುಹಾಕಲಿ. ಒಪ್ಪಿಕೊಳ್ಳುವವರಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಳ್ಳಲಿ. ಕಸಬ್ ಹಾಗೆಯೇ ಒಪ್ಪಿಕೊಂಡದ್ದು.