ಒಡವೆಯಿಲ್ಲದ ಗೊಂಬೆ

ಕ್ಯಾನ್ವಾಸಿಗೆ ಬಟ್ಟೆಯನ್ನೋ ಹಗ್ಗವನ್ನೋ ಸೇರಿಸಿದರೆ ಅದು ಮಿಶ್ರ ಮಾಧ್ಯಮ. 1912ರಲ್ಲಿ ಪಿಕಾಸೊ ಚಿತ್ರವೊಂದಕ್ಕೆ ಎಣ್ಣೆಬಟ್ಟೆ ಅಂಟಿಸಿ, ಸುತ್ತ ಹಗ್ಗದ ಚೌಕಟ್ಟು ಹಾಕಿದಲ್ಲಿಂದ ಈ ಕಥೆ ಶುರು ಮಾಡುವುದು ಕಲಾಚರಿತ್ರೆಯ ವಾಡಿಕೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಗಳನ್ನು ಮಾತ್ರ ನಾವು ‘ಜಾನಪದ’ದ ಕಪಾಟಿಗೆ ಸೇರಿಸಿ ಸುಮ್ಮನಾಗುತ್ತೇವೆ. ಸೇರಿಸಿದ ಮೇಲೆ ಕಲಾವಿದನ ಆಯ್ಕೆಗಳ ಬಗ್ಗೆ ಯಾರೂ ಕೇಳುವುದಿಲ್ಲ, ಎಲ್ಲವನ್ನೂ ಪರಂಪರೆಯೇ ಮಾಡಿಬಿಟ್ಟಿತೇನೋ ಎಂಬಂತೆ.

ಕಸುಬಿನಿಂದಲೇ ಶುರು ಮಾಡೋಣ. ಆಡಿನ ತೊಗಲಿನ ಕೂದಲು ತೆಗೆದು, ಹೆರೆದು, ಬಿಗಿದು ಒಣಗಿಸಿದರೆ ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಅದರ ಮೇಲೆ ಗೆರೆ, ಬಣ್ಣ, ಮತ್ತೆ ಉಳಿಯ ಕೆಲಸ. ಕಿರೀಟ, ಕಂಠೀಹಾರ, ತೋಳಬಂದಿ, ಸೀರೆಯ ಅಂಚು, ಎಲ್ಲಕ್ಕೂ ಸಾಲು ಸಾಲು ತೂತು. ಪರದೆಯ ಹಿಂದೆ ದೀಪ ಹೊತ್ತಿದಾಗ ಆ ತೂತುಗಳೇ ಮಿನುಗುವ ಒಡವೆ. ರಾಮನ ಮೈಮೇಲಿನ ಚಿನ್ನ ಬಣ್ಣದಿಂದ ಬಂದದ್ದಲ್ಲ, ತೊಗಲು ಇಲ್ಲದ ಜಾಗದಿಂದ ಬಂದದ್ದು.

ಇಂಥ ಕಸುಬಿಗೆ ವೀರಣ್ಣ ಸ್ವಾತಂತ್ರ್ಯ ಹೋರಾಟವನ್ನು ತಂದರು, ‘ಬಾಪು’ವನ್ನು ತಂದರು. ವಸ್ತು ಹೊಸದು ಎಂದು ಹೊಗಳುವುದು ಸುಲಭ. ಆದರೆ ಗಾಂಧಿಯ ಮೈಮೇಲೆ ಉಳಿ ಎಲ್ಲಿಡುವುದು? ಕಿರೀಟವಿಲ್ಲ, ಹಾರವಿಲ್ಲ. ಒಂದು ತುಂಡು ಪಂಚೆ, ಕನ್ನಡಕ, ಕೋಲು. ಬಯಲಾಟದಲ್ಲಿ ಭುಜಕೀರ್ತಿಯ ಮಿಂಚು ನೋಡಿಯೇ ಪಾತ್ರದ ತೂಕ ಅಳೆಯುವ ಸಿರುಗುಪ್ಪ, ಕುರುಗೋಡು ಸೀಮೆಯ ಪ್ರೇಕ್ಷಕರಿಗೆ ಮಿಂಚಿಲ್ಲದ ನಾಯಕನನ್ನು ಒಪ್ಪಿಸಬೇಕು. ಆಗ ಭಾರವೆಲ್ಲ ಗೆರೆಯ ಮೇಲೆ, ಆಡಿಸುವ ಕೈಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ದನಿಯ ಮೇಲೆ ಬೀಳುತ್ತದೆ. ವೀರಣ್ಣ ನಾಟಕದ ನಟರೂ ಹೌದು ಎಂಬುದು ಇಲ್ಲಿ ಬರೀ ಜೀವನಚರಿತ್ರೆಯ ವಿವರವಲ್ಲ. ಉಳಿ ಮಾಡಲಾಗದ್ದನ್ನು ಕಂಠ ಮಾಡಬೇಕಿತ್ತು.

ಇದರಲ್ಲಿ ನಷ್ಟವೂ ಇದೆ ಎಂದು ನನಗನಿಸುತ್ತದೆ. ತೊಗಲುಗೊಂಬೆಯ ಕಿಳ್ಳೇಕ್ಯಾತ, ಬಂಗಾರಕ್ಕ ದೇವರ ಎದುರೇ ಪೋಲಿ ಮಾತಾಡಬಲ್ಲರು. ರಾಷ್ಟ್ರಪಿತನ ಎದುರು ಆ ಸಲುಗೆ ಕಷ್ಟ. (ರಾಮನಿಗಿಂತ ಗಾಂಧಿಯ ಮುಂದೆ ನಾವು ಹೆಚ್ಚು ಬಿಗಿಯಾಗುವುದು ವಿಚಿತ್ರವೇ.) ಪುರಾಣ ಸಹಿಸುವ ಉಡಾಫೆಯನ್ನು ಚರಿತ್ರೆ ಸುಲಭಕ್ಕೆ ಸಹಿಸದು. ಹಾಗಾಗಿ ಹೊಸ ಪ್ರಸಂಗ ಪಾಠದ ಕಡೆ ವಾಲುವ ಅಪಾಯ ಸದಾ ಇರುತ್ತದೆ.

ವೀರಣ್ಣ 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಎಂ.ಎಸ್. ನಂಜುಂಡರಾವ್ ಅವರ ಆಸಕ್ತಿಯಿಂದ ಹಳೆಯ ತೊಗಲುಗೊಂಬೆಗಳ ದೊಡ್ಡ ಸಂಗ್ರಹವೊಂದು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಉಳಿದಿದೆ. ಒಡವೆ ತುಂಬಿದ ಹಳೆಯ ರಾಮ ಗೋಡೆಯ ಮೇಲೂ ಚೆಂದ. ಬಾಪುವನ್ನು ಹಾಗೆ ತೂಗುಹಾಕಿದರೆ ಅರ್ಧವೂ ಕಾಣದು. ಅದಕ್ಕೆ ಹಿಂದಿನಿಂದ ಬೆಳಕು ಬೇಕು, ಪರದೆ ಬೇಕು, ಹಾರ್ಮೋನಿಯಂ ಬೇಕು, ಗೊಂಬೆಯ ಬಿದಿರುಕಡ್ಡಿ ಹಿಡಿದ ಕೈ ಬೇಕು. ಫಲಕದಲ್ಲಿ ‘ಮಾಧ್ಯಮ’ ಎಂಬಲ್ಲಿ ‘ತೊಗಲು, ಬಣ್ಣ’ ಎಂದಷ್ಟೇ ಬರೆದರೆ ಇವೆಲ್ಲದರ ಜೊತೆ ಆ ದನಿಯೂ ಬಿಟ್ಟುಹೋಗುತ್ತದೆ.